91 ಲಕ್ಷದಲ್ಲಿ ಉಳಿದ 67 ಲಕ್ಷ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಶಿರಸಿ ತಾಲೂಕಿನ ಅಡಿಕೆ ಬೆಳೆಗಾರ. ನಮ್ಮೂರಿನ ಹತ್ತಾರು ತೋಟಗಳಿಗೆ ಕೊನೆ (ಅಡಿಕೆ ಗೊನೆ) ಕೊಯ್ಯಲು ಬರುತ್ತಿದ್ದ ಕೊನೆಗೌಡನೊಬ್ಬ ಎರಡು ವರ್ಷದ ಹಿಂದೆ ಕುಮಟಾ ರಸ್ತೆಯಲ್ಲಿ, ದೇವಿಮನೆ ಘಟ್ಟ ಇಳಿದ ಮೇಲೆ ಲಾರಿ ಬಡಿದು ತೀರಿಕೊಂಡ. ಬೈಕಿನಲ್ಲಿದ್ದ, ವಯಸ್ಸು 34. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇದ್ದಾರೆ. ಲೋಕ ಅದಾಲತ್‌ನಲ್ಲಿ 24 ಲಕ್ಷಕ್ಕೆ ರಾಜಿ ಆಯಿತು. ಮೊನ್ನೆ ಪತ್ರಿಕೆಯಲ್ಲಿ, ರಸ್ತೆ ಅಪಘಾತದ ಒಂದೊಂದು ಸಾವಿನಿಂದಲೂ ದೇಶಕ್ಕೆ 91 ಲಕ್ಷ ರೂಪಾಯಿ ನಷ್ಟ ಎಂದು ಓದಿದೆ. ಹಾಗಾದರೆ ಉಳಿದ 67 ಲಕ್ಷ ಯಾರ ಪಾಲಾಯಿತು? ಮನುಷ್ಯನ ಜೀವಕ್ಕೆ ಹೀಗೆ ರೇಟು ಕಟ್ಟುವುದಾದರೂ ಸರಿಯೇ?

ಉತ್ತರ: ಉಳಿದ 67 ಲಕ್ಷ ಯಾರ ಜೇಬಿಗೂ ಹೋಗಿಲ್ಲ. ಹೋಗಿದ್ದರೆ ಬೆನ್ನು ಹತ್ತಿ ವಸೂಲಿ ಮಾಡಬಹುದಿತ್ತು. ಅದರಲ್ಲಿ ಬಹುಪಾಲು ಹುಟ್ಟಲೇ ಇಲ್ಲದ ದುಡ್ಡು. ಮಿಕ್ಕಿದ್ದನ್ನು ಆ ಮನೆಯ ಹೆಂಗಸರು, ಆ ಮಕ್ಕಳು, ಸ್ವಲ್ಪ ಮಟ್ಟಿಗೆ ನೀವೂ ತುಂಬುತ್ತಿದ್ದೀರಿ. ನಾನು ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು, ವಕೀಲನಲ್ಲ. ಆದರೆ ಇಂಥ ಮನೆಗಳ ಕಾಗದಪತ್ರ ನೋಡಿಕೊಡುವ ಕೆಲಸ ಈಚೆಗೆ ತಾನಾಗಿ ನನ್ನ ಪಾಲಿಗೆ ಬಂದಿದೆ. ಆ ಅನುಭವದಿಂದ ಬರೆಯುತ್ತೇನೆ.

ನೀವು ಓದಿದ 91 ಲಕ್ಷದ ಅಂಕಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಮಾಡಿಸಿದ ಒಂದು ಅಧ್ಯಯನದ್ದು. ಒಂದು ಸಾವಿಗೆ ಸುಮಾರು 91 ಲಕ್ಷ, ಒಂದು ಗಂಭೀರ ಗಾಯಕ್ಕೆ ಸುಮಾರು 3.64 ಲಕ್ಷ, ದೇಶಕ್ಕೆ ಒಟ್ಟು ವರ್ಷಕ್ಕೆ 1.47 ಲಕ್ಷ ಕೋಟಿ, ಅಂದರೆ ಜಿಡಿಪಿಯ 0.77% ಎಂದು ಅದು ಹೇಳಿತು. ಇದಕ್ಕೂ ಎಷ್ಟೋ ಹಿಂದೆ, 1999-2000ನೇ ಸಾಲಿಗೆ, ಯೋಜನಾ ಆಯೋಗ 55,000 ಕೋಟಿ ಎಂದು ಅಂದಾಜು ಮಾಡಿತ್ತು. ಆಗಿನ ಜಿಡಿಪಿಯಲ್ಲಿ ಅದು 3%. ಹೆಚ್ಚಿನ ದೇಶಗಳಲ್ಲಿ ಈ ನಷ್ಟ 3%ರ ಆಸುಪಾಸಿನಲ್ಲಿದೆ ಎಂದೇ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಒಂದು ಲೆಕ್ಕಕ್ಕೂ ಇನ್ನೊಂದಕ್ಕೂ ನಾಲ್ಕು ಪಟ್ಟು ಅಂತರ. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ, ಅಳೆಯುವ ಕೊಳಗವೇ ಬೇರೆ.

ಒಂದು ಕೊಳಗ ದುಡಿಮೆಯದು. ಸತ್ತವನು ಬದುಕಿದ್ದರೆ ಇನ್ನು ಎಷ್ಟು ವರ್ಷ ದುಡಿಯುತ್ತಿದ್ದ, ಎಷ್ಟು ಉತ್ಪಾದನೆ ಮಾಡುತ್ತಿದ್ದ ಎಂದು ಕೂಡಿಸಿ, ಮುಂದೆ ಬರಬೇಕಿದ್ದ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸುತ್ತಾರೆ. ಆಸ್ಪತ್ರೆ ಖರ್ಚು, ವಾಹನದ ಹಾನಿ, ಪೊಲೀಸರು, ಕೋರ್ಟು, ವಿಮಾ ಕಂಪನಿಗಳು ಇದಕ್ಕಾಗಿ ಸವೆಸಿದ ಸಮಯವನ್ನು ಅದಕ್ಕೆ ಸೇರಿಸುತ್ತಾರೆ. ಇನ್ನೊಂದು ಕೊಳಗ ಅಪಾಯ ತಪ್ಪಿಸಿಕೊಳ್ಳಲು ಜನ ಎಷ್ಟು ಕೊಡಲು ತಯಾರಿದ್ದಾರೆ ಎನ್ನುವುದು. ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಘಟ್ಟ ಇಳಿಯುವ ಬದಲು ಶಿರಸಿಯಲ್ಲೇ ರೂಮು ಮಾಡಿ ಉಳಿದರೆ ನೀವು ಸಣ್ಣದೊಂದು ಅಪಾಯವನ್ನು ದುಡ್ಡು ಕೊಟ್ಟು ತಪ್ಪಿಸಿಕೊಂಡಂತೆ. ಲಕ್ಷ ಜನ ತಲಾ 100 ರೂಪಾಯಿ ಕೊಟ್ಟು, ಲಕ್ಷಕ್ಕೆ ಒಂದರಷ್ಟು ಸಾವಿನ ಸಂಭವವನ್ನು ಕಡಿಮೆ ಮಾಡಿಕೊಂಡರು ಎನ್ನಿ. ಅವರೆಲ್ಲ ಸೇರಿ ಒಂದು ಜೀವ ಉಳಿಸಲು ಒಂದು ಕೋಟಿ ಕೊಟ್ಟರು ಎಂದಾಯಿತು. ಇದರಲ್ಲಿ ನೋವು, ಭಯ, ಮನೆಯವರ ಸಂಕಟ ಎಲ್ಲ ಒಳಗೊಳ್ಳುವುದರಿಂದ ಮೊತ್ತ ಸಾಮಾನ್ಯವಾಗಿ ದೊಡ್ಡದು. ಪೊಲೀಸರ ಲೆಕ್ಕಕ್ಕೆ ಬಾರದ ಗಾಯಗಳನ್ನೂ ಅಂದಾಜಿನಲ್ಲಿ ಸೇರಿಸಿಕೊಂಡರೆ ಇನ್ನೂ ಏರುತ್ತದೆ.

ಹಾಗಾಗಿ ಜೀವಕ್ಕೆ ರೇಟು ಕಟ್ಟುವುದು ಸರಿಯೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: 91 ಲಕ್ಷ ಎನ್ನುವುದು ಸತ್ತವನ ರೇಟಲ್ಲ, ಇನ್ನೂ ಸಾಯದೆ ಇರುವವನಿಗಾಗಿ ಕಟ್ಟಿದ್ದು. ಘಟ್ಟದ ಒಂದು ತಿರುವಿಗೆ ತಡೆಗೋಡೆ ಕಟ್ಟಿ, ದೀಪ ಹಾಕಿ, ಇಳಿಜಾರು ಸರಿಪಡಿಸಿದರೆ ಹತ್ತು ವರ್ಷದಲ್ಲಿ ಎರಡು ಜೀವ ಉಳಿಯುತ್ತದೆ ಎಂದು ಇಟ್ಟುಕೊಳ್ಳಿ. ಈ ಲೆಕ್ಕದಲ್ಲಿ ಆ ಕಾಮಗಾರಿಗೆ 1.8 ಕೋಟಿ ತನಕ ಖರ್ಚು ಮಾಡಿದರೂ ದೇಶಕ್ಕೆ ನಷ್ಟವಿಲ್ಲ. ಬೆಲೆಯನ್ನೇ ಕಟ್ಟದಿದ್ದರೆ ಎಂಜಿನಿಯರ ಕಡತದಲ್ಲಿ ಸಿಮೆಂಟಿಗೆ ಬೆಲೆ ಇರುತ್ತದೆ, ಜಲ್ಲಿಗೆ ಬೆಲೆ ಇರುತ್ತದೆ, ಸಾವಿನ ಕಾಲಂನಲ್ಲಿ ಮಾತ್ರ ಸೊನ್ನೆ. ಅಮೂಲ್ಯ ಎಂದು ಬಿಟ್ಟದ್ದು ಕಡತದಲ್ಲಿ ಮೌಲ್ಯವೇ ಇಲ್ಲದ್ದಾಗಿ ಕೂರುತ್ತದೆ. ದೇಶಕ್ಕೆಲ್ಲ ಒಂದೇ ಸರಾಸರಿ ಹಿಡಿಯುವುದಕ್ಕೂ ಕಾರಣವಿದೆ. ಆಯಾ ಊರಿನ ಆದಾಯದ ಮೇಲೆ ಲೆಕ್ಕ ಹಾಕಿದರೆ ಕಾಡಂಚಿನ ಜೋಯಿಡಾದ ರಸ್ತೆಗಿಂತ ಬೆಂಗಳೂರಿನ ರಸ್ತೆಯಲ್ಲಿ ಜೀವ ಉಳಿಸುವುದೇ ಲಾಭ ಎಂದು ಬರುತ್ತದೆ. ಅಂಥ ಲೆಕ್ಕ ಗಣಿತಕ್ಕೆ ಸರಿ, ನ್ಯಾಯಕ್ಕಲ್ಲ.

ಇನ್ನು ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಯ ಲೆಕ್ಕ. ಅದು ದೇಶದ ನಷ್ಟವನ್ನು ಅಳೆಯುವುದೇ ಇಲ್ಲ. ಅವನನ್ನು ನಂಬಿದ್ದವರಿಗೆ ಅವನಿಂದ ಬರುತ್ತಿದ್ದದ್ದು ಎಷ್ಟು ಎಂಬುದಷ್ಟೇ ಅದಕ್ಕೆ ಬೇಕು. ಸೂತ್ರ ಸುಪ್ರೀಂ ಕೋರ್ಟಿನದು: 2009ರ ಸರಳಾ ವರ್ಮಾ ಪ್ರಕರಣ, 2017ರ ಪ್ರಣಯ್ ಸೇಠಿ ಪ್ರಕರಣ. ನಿಮ್ಮ ಕೊನೆಗೌಡನಿಗೇ ಅನ್ವಯಿಸಿ ನೋಡೋಣ. ಕೊಯ್ಲಿನ ತಿಂಗಳುಗಳಲ್ಲಿ ಒಳ್ಳೆಯ ಕೂಲಿ, ಮಳೆಗಾಲದಲ್ಲಿ ಕೊಳೆಮದ್ದು (ಕೊಳೆರೋಗದ ಔಷಧ) ಹೊಡೆಯುವ ಕೆಲಸ, ಕೆಲವೆಡೆ ಮಳೆ ತಾಗದಂತೆ ಕೊನೆಗೆ ಕೊಟ್ಟೆ ಕಟ್ಟುವುದು, ಮಿಕ್ಕ ದಿನ ಸಿಕ್ಕ ಕೂಲಿ. ಎಲ್ಲ ಸರಾಸರಿ ಮಾಡಿ ತಿಂಗಳಿಗೆ 18,000 ಎಂದು ಹಿಡಿಯುತ್ತೇನೆ. ನಲವತ್ತರ ಒಳಗಿನ ಸ್ವಂತ ದುಡಿಮೆಯವನಾದ್ದರಿಂದ ಮುಂದೆ ಆದಾಯ ಏರುತ್ತಿತ್ತು ಎಂದು 40% ಸೇರಿಸಬೇಕು: 25,200. ಅವಲಂಬಿತರು ನಾಲ್ವರು, ಹಾಗಾಗಿ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯಬೇಕು: 18,900. ವರ್ಷಕ್ಕೆ 2,26,800. ವಯಸ್ಸು 31ರಿಂದ 35ರೊಳಗಿದ್ದರೆ ಗುಣಕ 16. ಗುಣಿಸಿದರೆ 36,28,800.

ಗುಣಕ 16 ಏಕೆ, 60ರ ತನಕ ಇನ್ನೂ 26 ವರ್ಷ ದುಡಿಯುತ್ತಿದ್ದನಲ್ಲ ಎಂದು ಬಹಳ ಜನ ಕೇಳುತ್ತಾರೆ. ಇಪ್ಪತ್ತಾರು ವರ್ಷದ ದುಡ್ಡು ಇವತ್ತೇ ಒಟ್ಟಿಗೆ ಕೈಗೆ ಬಂದರೆ ಅದು ಬಡ್ಡಿಯನ್ನೂ ಗಳಿಸುತ್ತದೆ. ಬೆಲೆ ಏರಿಕೆ ಕಳೆದು ನಿಜವಾದ ಬಡ್ಡಿ 4% ಎಂದು ಹಿಡಿದರೆ, ವರ್ಷಕ್ಕೊಂದು ರೂಪಾಯಿಯಂತೆ 26 ವರ್ಷ ಬರುವ ದುಡ್ಡಿನ ಇವತ್ತಿನ ಬೆಲೆ ಬಹುತೇಕ 16 ರೂಪಾಯಿಯೇ. ನ್ಯಾಯಾಧೀಶರು ಆ ಪಟ್ಟಿಯನ್ನು ಹೀಗೇ ಕಟ್ಟಿದರು ಎಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಪಾಠದ ಲೆಕ್ಕಕ್ಕೂ ಕೋರ್ಟಿನ ಪಟ್ಟಿಗೂ ಇಲ್ಲಿ ತಾಳೆ ಬೀಳುತ್ತದೆ.

ಇದರ ಮೇಲೆ ಅಂತ್ಯಕ್ರಿಯೆಗೆ, ಆಸ್ತಿ ನಷ್ಟಕ್ಕೆ (ಅವನು ಉಳಿಸಿ ಬಿಟ್ಟುಹೋಗಬಹುದಿದ್ದದ್ದು), ಸಾಂಗತ್ಯ ನಷ್ಟಕ್ಕೆ (ಮನೆಯವರಿಗೆ ಅವನ ಜೊತೆ, ಆಸರೆ ತಪ್ಪಿದ್ದು) ಗೊತ್ತುಪಡಿಸಿದ ಮೊತ್ತಗಳಿವೆ. 2017ರಲ್ಲಿ ಅವು 15,000, 15,000 ಮತ್ತು 40,000 ಇದ್ದವು. ಮೂರು ವರ್ಷಕ್ಕೊಮ್ಮೆ 10% ಏರಿ ಈಗ 18,150, 18,150 ಮತ್ತು 48,400 ಆಗಿವೆ. ಸಾಂಗತ್ಯದ ಮೊತ್ತ ಹೆಂಡತಿಗೆ ಮಾತ್ರವಲ್ಲ, ಮಕ್ಕಳಿಗೂ ತಾಯಿಗೂ ಪ್ರತ್ಯೇಕ ಸಿಗಬೇಕು ಎಂಬುದು 2018ರಿಂದ ಸ್ಪಷ್ಟವಾಗಿದೆ. ಎಲ್ಲ ಕೂಡಿದರೆ 38,58,700.

ಹಾಗಾದರೆ 24 ಲಕ್ಷ ಹೇಗಾಯಿತು? ನಾನು ಕಾಗದ ನೋಡಿಲ್ಲ, ಆದರೆ ಇಂಥ ಪ್ರಕರಣಗಳಲ್ಲಿ ನಡೆಯುವುದು ಬಹುತೇಕ ಒಂದೇ. ಕೊನೆಗೌಡನ ಆದಾಯಕ್ಕೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಪುರಾವೆ ಇಲ್ಲದಿದ್ದಾಗ ಕಾಲ್ಪನಿಕ ಆದಾಯ ಹಿಡಿಯುತ್ತಾರೆ. ಅದಕ್ಕೆ ವರ್ಷವಾರು ಒಂದು ಪಟ್ಟಿಯೇ ನಮ್ಮ ರಾಜ್ಯದ ಲೋಕ ಅದಾಲತ್‌ಗಳಲ್ಲಿ ಚಾಲ್ತಿಯಲ್ಲಿದೆ. ಉದಾಹರಣೆಗೆ 18,000ದ ಬದಲು 13,000 ಹಿಡಿದರು ಎನ್ನಿ. ಅದೇ ಸೂತ್ರದಲ್ಲಿ ಅವಲಂಬನೆಯ ಮೊತ್ತ 26,20,800ಕ್ಕೆ ಇಳಿಯುತ್ತದೆ. ಇವನ ವಯಸ್ಸಿಗೆ, ಇವನ ಸಂಸಾರಕ್ಕೆ, ತಿಂಗಳ ಆದಾಯದಲ್ಲಿ ಒಂದು ಸಾವಿರ ಕಡಿಮೆ ಹಿಡಿದರೆ ಪರಿಹಾರದಲ್ಲಿ 2,01,600 ಕಡಿಮೆಯಾಗುತ್ತದೆ. ಮೇಲೆ ರಾಜಿ ಎಂದರೆ ಎರಡೂ ಕಡೆಯವರು ಸ್ವಲ್ಪ ಬಿಡಬೇಕು. ಹೆಲ್ಮೆಟ್ ಇರಲಿಲ್ಲ ಎಂಬ ಮಾತು ಬಂದರೆ ಇನ್ನಷ್ಟು. ವರ್ಷಗಟ್ಟಲೆ ಅಲೆಯುವ ಬದಲು ಕೈಗೆ ಬಂದಷ್ಟು ಸಾಕು ಎಂದು ಹೆಂಡತಿ ಸಹಿ ಹಾಕಿದ್ದರೆ ಅವಳನ್ನು ದೂರುವಂತಿಲ್ಲ, ಮನೆಯಲ್ಲಿ ಸಂಘದ ಕಂತು ವಾರವಾರ ಬಾಗಿಲು ತಟ್ಟುತ್ತಿರುತ್ತದೆ. ಲೋಕ ಅದಾಲತ್‌ನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ, ಆದ್ದರಿಂದ ಆ ಬಾಗಿಲು ಈಗ ಬಹುಮಟ್ಟಿಗೆ ಮುಚ್ಚಿದೆ.

ಈಗ ಯಾವ ಲೆಕ್ಕದಲ್ಲೂ ಬಾರದೆ ಹೋದದ್ದರ ಮಾತು.

ನಿಮ್ಮಿಂದಲೇ ಶುರು ಮಾಡುತ್ತೇನೆ. ಕೊನೆ ಕೊಯ್ಯುವುದು ಯಾರಿಗಾದರೂ ಹೇಳಿ ಮಾಡಿಸುವ ಕೆಲಸವಲ್ಲ ಎಂದು ನಿಮಗೆ ನಾನು ಹೇಳಬೇಕಿಲ್ಲ. ಮರದಿಂದ ಮರಕ್ಕೆ ದಾಟುವ, ಕೊನೆಯ ಹದ ಕೆಳಗಿನಿಂದಲೇ ಗುರುತಿಸುವ ಒಬ್ಬ ಆಳು ತಯಾರಾಗಲು ವರ್ಷಗಳು ಬೇಕು. ಅವನು ಹೋದ ವರ್ಷ ನಿಮ್ಮೂರಿನ ತೋಟಗಳಲ್ಲಿ ಕೊಯ್ಲು ಎಷ್ಟು ವಾರ ತಡವಾಯಿತು? ಹಸಿ ಅಡಿಕೆಯಾಗಿ ಬೇಯಿಸಿ ಕೆಂಪು ಮಾಡಬೇಕಿದ್ದದ್ದರಲ್ಲಿ ಎಷ್ಟು ಹಣ್ಣಾಗಿ ಉದುರಿ, ಒಣಗಿಸಿ ಸುಲಿಯುವ ಚಾಲಿಗೆ ಹೋಯಿತು? ಮದ್ದು ಹೊಡೆಯುವುದು ಒಂದು ಸುತ್ತು ತಪ್ಪಿ ಎಷ್ಟು ಕೊಳೆಗೆ ಬಿತ್ತು? ಈ ನಷ್ಟ ನಿಮ್ಮ ಸೊಸೈಟಿಯ ಪಾಸ್‌ಬುಕ್ಕಿನಲ್ಲಿದೆ. ಆದರೆ ಅದರ ಮುಂದೆ ಅಪಘಾತ ಎಂದು ಯಾರೂ ಬರೆದಿಲ್ಲ.

ಆಮೇಲೆ ಆ ಮನೆ. ವಿಶ್ವ ಬ್ಯಾಂಕ್ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಉತ್ತರ ಪ್ರದೇಶ, ಬಿಹಾರ, ತಮಿಳುನಾಡು, ಮಹಾರಾಷ್ಟ್ರದಲ್ಲಿ ನಡೆದದ್ದು, ನಮ್ಮ ರಾಜ್ಯ ಅದರಲ್ಲಿ ಇರಲಿಲ್ಲ. ಅಪಘಾತಕ್ಕೆ ಸಿಕ್ಕ ಬಡ ಕುಟುಂಬಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ತಮ್ಮ ಆದಾಯ ಕುಸಿಯಿತು ಎಂದವು. ಅನುಕೂಲಸ್ಥರಲ್ಲಿ ಹಾಗೆ ಹೇಳಿದವರು ಅರ್ಧಕ್ಕಿಂತ ತುಸು ಹೆಚ್ಚು. ಹೆಂಗಸರ ಮೇಲೆ ಬಿದ್ದ ಕೆಲಸದ ಹೊರೆಯನ್ನೂ ಅದು ಗುರುತಿಸಿತು. ಅದಕ್ಕೆ ಬಿಹಾರದ ತನಕ ಹೋಗಬೇಕಿಲ್ಲ. ನಾನು ಕಂಡ ಮನೆಗಳಲ್ಲಿ ಮೊದಲು ಬದಲಾಗುವುದು ಹೆಂಡತಿಯ ದಿನಚರಿ. ಬೆಳಿಗ್ಗೆ ಅಡಿಕೆ ಸುಲಿಯಲು, ಮಧ್ಯಾಹ್ನ ಯಾರದೋ ಮನೆಯ ಕಸಮುಸುರೆಗೆ. ಎರಡನೆಯದು ಅತ್ತೆಯ ಔಷಧ, ತಿಂಗಳು ಬಿಟ್ಟು ತಿಂಗಳು ತರುತ್ತಾರೆ. ಮೂರನೆಯದು ದೊಡ್ಡ ಮಗನ ಪಿಯುಸಿ. ನ್ಯಾಯಮಂಡಳಿಯಲ್ಲಿ ಅವನು ಅವಲಂಬಿತ, ವರ್ಷ ಕಳೆಯುವುದರೊಳಗೆ ಅವನ ಮೇಲೇ ಮೂವರು ಅವಲಂಬಿತರು.

ಸತ್ತವಳು ಹೆಂಗಸಾದರೆ ಲೆಕ್ಕ ಇನ್ನೂ ಕುಂಟುತ್ತದೆ. ಅಂಕೋಲೆಯಲ್ಲೋ ತದಡಿಯಲ್ಲೋ ಬುಟ್ಟಿ ಹೊತ್ತು ಮೀನು ಮಾರುವವಳ ದಿನದ ವ್ಯಾಪಾರಕ್ಕೆ ಯಾವ ರಸೀದಿ? ಮನೆಗೆಲಸ ಮಾತ್ರ ಮಾಡುವವಳಾಗಿದ್ದರೆ ಏನೂ ಗಳಿಸುತ್ತಿರಲಿಲ್ಲ ಎಂಬ ವಾದವೇ ಬಹುಕಾಲ ನಡೆಯಿತು. 2021ರ ಜನವರಿಯಲ್ಲಿ, ಕೀರ್ತಿ ಪ್ರಕರಣದ ತೀರ್ಪಿನಲ್ಲಿ, ನ್ಯಾಯಮೂರ್ತಿ ಎನ್.ವಿ. ರಮಣ ಅವರು ಗೃಹಿಣಿಯ ದುಡಿಮೆಗೆ ಆದಾಯ ಗೊತ್ತುಪಡಿಸುವುದು ಏಕೆ ಅಗತ್ಯ ಎಂದು ವಿವರವಾಗಿ ಬರೆದರು. 2019ರ ಸಮಯ ಬಳಕೆ ಸಮೀಕ್ಷೆಯನ್ನೂ ಉಲ್ಲೇಖಿಸಿದರು: ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಐದು ಗಂಟೆಗೆ ಒಂದು ನಿಮಿಷ ಕಡಿಮೆ.

ಘಟ್ಟದ ಇನ್ನೊಂದು ದಾರಿಯಲ್ಲಿ ನಡೆದದ್ದು ನಿಮಗೆ ನೆನಪಿರಬೇಕು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಹೊತ್ತು, ಅದರ ಮೇಲೆ ವ್ಯಾಪಾರಿಗಳನ್ನೂ ಹೊತ್ತು ಬರುತ್ತಿದ್ದ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಕಣಿವೆಗೆ ಬಿತ್ತು. ಹತ್ತು ಜನ ಸತ್ತರು. ದೇಶದಲ್ಲಿ ರಸ್ತೆಯ ಮೇಲೆ ಸಾಯುವವರಲ್ಲಿ ನೂರಕ್ಕೆ 83 ಮಂದಿ 18ರಿಂದ 60ರೊಳಗಿನವರು, ಅಂದರೆ ದುಡಿದು ಮನೆ ನಡೆಸುವ ಪ್ರಾಯದವರು. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 1,68,491 ಜನ, ಕರ್ನಾಟಕದಲ್ಲಿ 11,702 ಜನ ಹೀಗೆ ಹೋದರು. ಗುಳ್ಳಾಪುರದ ಆ ಬೆಳಗಿನಲ್ಲಿ ಹೋದದ್ದು ಮನುಷ್ಯರ ಜೊತೆಗೆ ಅವರ ಬಂಡವಾಳವೂ ಹೌದು. ಸಂತೆ ವ್ಯಾಪಾರಿಯ ಬಂಡವಾಳ ಎಂದರೆ ಆ ವಾರ ಕೈಗಡ ತಂದು ಕೊಂಡ ಮಾಲು. ಮಾಲು ಮಣ್ಣುಪಾಲಾದರೂ ಕೈಗಡ ಉಳಿಯುತ್ತದೆ.

ಆ ಪ್ರಕರಣದ ಮಾತಲ್ಲ, ಸಾಮಾನ್ಯವಾಗಿ ಹೇಳುತ್ತೇನೆ: ಸರಕಿನ ವಾಹನದಲ್ಲಿ ಹೋಗುವವರಿಗೆ ಕಾನೂನಿನಲ್ಲಿ ಒಂದು ಸೂಕ್ಷ್ಮವಿದೆ. 1994ರ ತಿದ್ದುಪಡಿಯ ನಂತರ, ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಆ ವಾಹನದಲ್ಲಿದ್ದರೆ ವಿಮೆಯ ರಕ್ಷಣೆ ಇದೆ. ಸುಮ್ಮನೆ ಹತ್ತಿಕೊಂಡವರಿಗೆ ಇಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಹೇಳಿತು. ಹಾಗಾಗಿ ಲಾರಿಯಲ್ಲಿ ಸಂತೆಗೆ ಹೊರಟವಳೊಬ್ಬಳು ತನ್ನದೇ ಕೊತ್ತಂಬರಿ ಮೂಟೆಯ ಜೊತೆ ಬಂದವಳು ಎಂದು ತೋರಿಸುವ ಒಂದು ಎಪಿಎಂಸಿ ಚೀಟಿಗೆ ಲಕ್ಷಾಂತರ ರೂಪಾಯಿ ಬೆಲೆ. ಬೆಳಗಿನ ಜಾವ ಲಾರಿ ಹತ್ತುವಾಗ ಅದು ಯಾರ ತಲೆಯಲ್ಲಿರುತ್ತದೆ?

ಇನ್ನೂ ಒಂದು ಖರ್ಚು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ವಿಶೇಷವಾಗಿ ಅಂಟಿಕೊಂಡದ್ದು, ಅದು ದೂರ. ತಲೆಗೆ ಪೆಟ್ಟಾದವರನ್ನು ಕರಾವಳಿಯಿಂದ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ, ಘಟ್ಟದ ಮೇಲಿನಿಂದ ಹುಬ್ಬಳ್ಳಿಗೋ ಒಯ್ಯುವುದು ಇಲ್ಲಿ ರೂಢಿ. 2021ರ ಜನವರಿಯಲ್ಲಿ ಅಂಕೋಲಾ ತಾಲೂಕಿನಲ್ಲಿ ಕೇಂದ್ರ ಸಚಿವ ಶ್ರೀಪಾದ ನಾಯಕ್ ಅವರ ಕಾರು ಅಪಘಾತಕ್ಕೀಡಾಗಿ ಅವರ ಪತ್ನಿ ತೀರಿಕೊಂಡರು. ಸಚಿವರನ್ನು ಗೋವಾದ ಬಾಂಬೋಳಿಯ ಆಸ್ಪತ್ರೆಗೆ ಸಾಗಿಸಿದರು. ಕೇಂದ್ರ ಸಚಿವರಿಗೂ ಅದೇ ದಾರಿ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸೇ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು (ಇದು ಬೈಂದೂರಿನ ಶಿರೂರು, 2024ರಲ್ಲಿ ಗುಡ್ಡ ಕುಸಿದ ಅಂಕೋಲೆಯ ಶಿರೂರು ಬೇರೆ). ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆಗ ಹೇಗೆ ಎದ್ದಿತು ಎಂದು ನೋಡಿದ್ದೀರಿ. ನಾನಾದರೆ ಆ ಬೇಡಿಕೆಯ ಪಕ್ಕದಲ್ಲಿ ಈ ಅಂಕಿಗಳನ್ನೂ ಇಡುತ್ತಿದ್ದೆ: ಬದುಕಿ ಉಳಿದರೆ ಗಂಭೀರ ಗಾಯದ 3.64 ಲಕ್ಷ, ದಾರಿಯಲ್ಲಿ ಸತ್ತರೆ 91 ಲಕ್ಷ. ನೂರು ಚಿಲ್ಲರೆ ಕಿಲೋಮೀಟರಿನ ಆ ದಾರಿ ಒಂದನ್ನು ಇನ್ನೊಂದಾಗಿ ಬದಲಾಯಿಸುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಪಘಾತದ ಗಾಯಾಳುಗಳಿಗೆ ಏಳು ದಿನ, 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿದೆ. ಒಳ್ಳೆಯದೇ. ಆದರೆ ದುಡ್ಡು ಇದ್ದೂ ಆಪರೇಷನ್ ಟೇಬಲ್ ಎರಡೂವರೆ ತಾಸು ದೂರ ಇದ್ದರೆ ಏನು ಮಾಡೋಣ?

ಇನ್ನು ನೀವು ಕೇಳದಿದ್ದರೂ ಹೇಳಲೇಬೇಕಾದದ್ದು. ಆ ಮನೆಯ 24 ಲಕ್ಷದಲ್ಲಿ ಮಕ್ಕಳ ಪಾಲು ಠೇವಣಿಯಲ್ಲಿದ್ದರೆ ಅದನ್ನು ಮುಟ್ಟಲು ಬಿಡಬೇಡಿ. ಹೆಂಡತಿಯ ಪಾಲನ್ನು ಮನೆ ರಿಪೇರಿಗೆ, ಮೈದುನನ ಟೆಂಪೋಗೆ ಎಂದು ಕೇಳಲು ಬರುವವರು ಇದ್ದೇ ಇರುತ್ತಾರೆ. ಇಡೀ ಮೊತ್ತ 6.5% ಬಡ್ಡಿಗೆ ಕೂತರೆ ತಿಂಗಳಿಗೆ 13,000 ಬರುತ್ತದೆ, ಅದು ಇವತ್ತಿನ 13,000. ಹತ್ತು ವರ್ಷದ ಮೇಲೆ ಅದೇ ದುಡ್ಡಿಗೆ ಅಕ್ಕಿ ಎಷ್ಟು ಬರುತ್ತದೆ ಎಂದು ಯೋಚಿಸಿ, ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡದಿರಲು ಹೇಳಿ.

ಊರಿನ ಉಳಿದ ಕೊನೆಗೌಡರಿಗಾಗಿ ಇಷ್ಟು ಮಾಡಿ. ವರ್ಷಕ್ಕೆ 20 ರೂಪಾಯಿ ಕಟ್ಟಿಸಿಕೊಳ್ಳುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ಇದೆ, ಬ್ಯಾಂಕಿನಲ್ಲಿ ಒಂದು ಸಹಿಯ ಕೆಲಸ. ಬೈಕು ಅವರ ಹೆಸರಿನಲ್ಲೇ ಇದ್ದರೆ ವಿಮೆ ಮಾಡಿಸುವಾಗ ಮಾಲೀಕ ಚಾಲಕನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸೇರಿದೆಯೇ ನೋಡಿ. ಯಾವ ಲಾರಿಯೂ ಬಡಿಯದೆ ತಾನೇ ಜಾರಿ ಬಿದ್ದು ಸತ್ತರೆ ಮನೆಯವರಿಗೆ ಬಹುತೇಕ ಇವೆರಡೇ ಗತಿ. ಬಡಿದ ವಾಹನ ಪತ್ತೆಯೇ ಆಗದಿದ್ದರೆ 2 ಲಕ್ಷದ ಪ್ರತ್ಯೇಕ ಯೋಜನೆ ಇದೆ. ನ್ಯಾಯಮಂಡಳಿಗೆ ಅರ್ಜಿ ಹಾಕಲು 2022ರ ಏಪ್ರಿಲ್‌ನಿಂದ ಕಾನೂನಿನಲ್ಲಿ ಆರು ತಿಂಗಳ ಗಡುವು ಬರೆದಿದೆ, ಆದ್ದರಿಂದ ವರ್ಷಾಂತಿಕ ಮುಗಿಯಲಿ ಆಮೇಲೆ ನೋಡೋಣ ಎನ್ನುವುದು ಬೇಡ.

ಮತ್ತೆ ಅವರ ಕೂಲಿಯನ್ನು ಕೈಗೆ ಕೊಡಬೇಡಿ, ಖಾತೆಗೆ ಹಾಕಿ. ನೂರು ಕೊನೆಗೆ ಇಷ್ಟು ಎಂದು ಲೆಕ್ಕ ಹಾಕಿ ಕೊಡುವ ದಿನ ಫೋನ್‌ಪೇ ಮಾಡಿದರೂ ಸಾಕು. ಅವರು ನಗದೇ ಬೇಕು ಎಂದರೆ ನಿಮ್ಮ ಲೆಕ್ಕದ ವಹಿಯಲ್ಲಿ ತಾರೀಖು, ಮೊತ್ತ ಬರೆದು ಎದುರಿಗೆ ಅವರ ಸಹಿ ಹಾಕಿಸಿ, ಆ ವಹಿಯನ್ನು ತೋಟದ ಕೊಟ್ಟಿಗೆಯಲ್ಲಿ ಬಿಡದೆ ಮನೆಯೊಳಗೆ ಇಡಿ.